ನಾಗಬನದಲ್ಲಿ ನನ್ನ ಜರ್ಮನ್

ಕಾಸರಗೋಡಿನವರಾದ ನಮಗೆ ಭಾಷೆಯ ವಿಷಯದಲ್ಲಿ ಸ್ವಲ್ಪ ಅಹಂಕಾರ ಇದೆ, ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನಲ್ಲಿ ಮಲಯಾಳ, ಮೀನಿನವರ ಹತ್ತಿರ ಬ್ಯಾರಿ. ಯಾವುದನ್ನೂ ಕೂತು ಕಲಿತದ್ದಲ್ಲ, ಬೇಕಾದಾಗ ಬಾಯಿಗೆ ಬಂದದ್ದು. ಹಾಗಾಗಿ ಜರ್ಮನಿಯಿಂದ ಉರ್ಸುಲಾ ಎಂಬ ಅರಣ್ಯತಜ್ಞೆ ಬಾಯಾರಿನಲ್ಲಿ ನಾಗದೇವರಿಗೆ ಬಿಟ್ಟ ಕಾಡಾದ ನಮ್ಮ ಕುಟುಂಬದ ನಾಗಬನ ನೋಡಲು ಬರುತ್ತಾರೆ, ಒಬ್ಬ ದುಭಾಷಿ ಬೇಕು ಎಂಬ ಸುದ್ದಿ ಬಂದಾಗ ಮೊದಲು ಕೈ ಎತ್ತಿದವನು ನಾನೇ. ಇಂಗ್ಲಿಷ್ ಸಾಕು ಎಂದರು. ಇಂಗ್ಲಿಷ್ ಯಾರಿಗೆ ಬರುವುದಿಲ್ಲ? ನಾನು ಜರ್ಮನ್‌ನಲ್ಲೇ ವಿವರಿಸುತ್ತೇನೆ ಎಂದೆ. ಕೈಯಲ್ಲಿ ಹದಿನೈದು ದಿನ ಇತ್ತು.

ನರ್ಸ್ ಕೆಲಸಕ್ಕೆಂದು ಮಂಗಳೂರಿನಲ್ಲಿ ಜರ್ಮನ್ ಕಲಿಯುತ್ತಿದ್ದ ತಂಗಿಯ ಮಗಳು ಒಂದು ಪಟ್ಟಿ ಬರೆದುಕೊಟ್ಟಳು. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಜರ್ಮನ್, ಎಲ್ಲವೂ ಕಾಡು ಮತ್ತು ಪರಿಸರದ ಪದಗಳು. ಕಾಡಿಗೆ ‘ವಾಲ್ಡ್’. ಅಲ್ಲಿಯವರೆಗೆ ಸುಖ. ಇಂಗ್ಲಿಷಿನ ‘ಸಸ್ಟೈನಬಿಲಿಟಿ’ಯೇ ನನಗೆ ಕಷ್ಟ, ಅದರ ಜರ್ಮನ್ ‘ನಾಖ್‌ಹಾಲ್ಟಿಗ್‌ಕೈಟ್’! ಪರಿಸರ ರಕ್ಷಣೆಗೆ ‘ಉಮ್‌ವೆಲ್ಟ್‌ಶುಟ್ಸ್’. ಹಲ್ಲುಜ್ಜುವಾಗಲೂ ಬಾಯಿಪಾಠ ಮಾಡಿದೆ. “ಎಂತ ಮಾರಾಯ್ರೆ ಅದು, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದೆಯಾ?” ಎಂದು ಹೆಂಡತಿ ಅನ್ನದ ಉಂಡೆ ಹಿಡಿದುಕೊಂಡು ಬಂದಳು.

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಕಳೆದ ವರ್ಷ ನಾನು ಪರಿಸರದ ಮೇಲಿನ ಪ್ರೀತಿಯಿಂದ ಮನೆಯ ಮಾಡಿಗೆ ಸೋಲಾರ್ ಹಾಕಿಸಿದ್ದೆ. ಮಧ್ಯಾಹ್ನ ಎರಡು ಗಂಟೆಯಾದರೆ ಸಾಕು, ಬನದ ಹೆಬ್ಬಲಸಿನ ನೆರಳು ಅದರ ಮೇಲೆ ಬೀಳುತ್ತದೆ. ನಮ್ಮ ಬನದೊಳಗೆ ಕತ್ತಿ ತಾಗಿಸುವ ಕ್ರಮವಿಲ್ಲ, ಬಿದ್ದ ಕೊಂಬೆಯನ್ನು ಬಚ್ಚಲೊಲೆಗೂ ತರುವುದಿಲ್ಲ. ಆದರೆ ಆ ಮರದ ಬುಡ ಅರ್ಧ ಬನದ ಕಟ್ಟೆಯ ಹೊರಗಿದೆ, ಸೂರ್ಯನೂ ದೇವರೇ ಎಂದೆಲ್ಲ ವಾದಿಸಿ, ಬುಧವಾರಕ್ಕೆ ಮರ ಕಡಿಯುವವನನ್ನು ಗೊತ್ತು ಮಾಡಿದ್ದೆ. ಬನದಲ್ಲಿ ದೀಪ ಇಡುವ ಗಿರಿಜ ಚಿಕ್ಕಮ್ಮ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದರು.

ಭಾನುವಾರ ಉರ್ಸುಲಾ ಮೇಡಂ ಬಂದರು. ಯಾರೂ ಹೇಳದೆಯೇ ಚಪ್ಪಲಿ ಬನದ ಹೊರಗೆ ಕಳಚಿಟ್ಟರು. ನಾನು ಒಂದೊಂದೇ ಪದ ಹೊರಗೆ ಬಿಟ್ಟೆ. ಪ್ರತಿ ಪದಕ್ಕೂ ಅವರು ತಲೆ ಓರೆ ಮಾಡಿ, ಇನ್ನೊಮ್ಮೆ ಹೇಳಿ ಎಂದು ನಯವಾಗಿ ಕೇಳುತ್ತಿದ್ದರು. ಕೊನೆಗೆ ಅಲ್ಲೇ ನಿಂತಿದ್ದ ಚಿಕ್ಕಮ್ಮನ ಕಡೆ ತಿರುಗಿ, ಈ ಬನದ ಬಗ್ಗೆ ಏನಾದರೂ ಹೇಳಬಹುದೇ ಎಂದು ವಿಚಾರಿಸಿದರು. ಅವರಿಬ್ಬರ ನಡುವೆ ನಾನಲ್ಲದೆ ಬೇರೆ ಗತಿ ಇರಲಿಲ್ಲ.

“ಅವರಿಗೆ ಹೇಳು,” ಎಂದರು ಚಿಕ್ಕಮ್ಮ ಹೆಬ್ಬಲಸಿನ ಮೇಲೆ ಕೈ ಇಟ್ಟು, “ಬುಧವಾರ ಈ ಮರ ಕಡಿಸ್ತಾರೆ ಅಂತ.”

“ವಾಲ್ಡ್,” ಎಂದೆ ನಾನು, “ಬ್ಯೂಟಿಫುಲ್.”

“ಅಷ್ಟು ಹೇಳಿದ್ದಕ್ಕೆ ಇಷ್ಟೇಯಾ? ಸರಿಯಾಗಿ ಹೇಳು. ಇದನ್ನು ಯಾರೂ ನೆಟ್ಟದ್ದಲ್ಲ. ನಾನು ಮದುವೆಯಾಗಿ ಬಂದಂದಿನಿಂದ ಇದರ ಅಡಿಯಲ್ಲೇ ನಿಂತು ದೀಪ ಇಟ್ಟದ್ದು. ಇದು ಹೋದ್ರೆ ನನಗೆ ಇಲ್ಲಿ ಎಂತ ಉಂಟು?”

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿ, ಚಿಕ್ಕಮ್ಮ ಹೇಳಿದ್ದನ್ನೆಲ್ಲ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಮೇಡಂ ಬರೆಯುವುದನ್ನು ನಿಲ್ಲಿಸಿ, ಯಾರು ಕಡಿಸುವುದು ಎಂದು ಕೇಳಿದರು.

“ಎಂತ ಕೇಳಿದ್ದು ಅವರು?”

“ಯಾರು ಕಡಿಸುವುದು ಅಂತ.”

“ಹಾಗಾದ್ರೆ ಹೇಳು ಮಗಾ. ದುಭಾಷಿ ನೀನಲ್ವಾ?”

‘ನಾನು’ ಎಂಬುದಕ್ಕೆ ಜರ್ಮನ್‌ನಲ್ಲಿ ‘ಇಶ್’. ತಲೆ ತಗ್ಗಿಸಿ ಅಷ್ಟು ಹೇಳಿ, ಮರ ಕಡಿಯುವವನಿಗೆ ಅಲ್ಲಿಂದಲೇ ಫೋನ್ ಮಾಡಿ ಬರುವುದು ಬೇಡವೆಂದೆ. ಹದಿನೈದು ದಿನ ಗಂಟಲು ಹರಿದುಕೊಂಡು ಕಲಿತ ನನ್ನ ಜರ್ಮನ್‌ನಲ್ಲಿ, ಉರ್ಸುಲಾ ಮೇಡಂ ಇನ್ನೊಮ್ಮೆ ಹೇಳಿ ಎನ್ನದೆ ಅರ್ಥ ಮಾಡಿಕೊಂಡದ್ದು ಅದೊಂದೇ ಪದ.