ಗಿಡ್ಡ ಸ್ಟೂಲು ಮತ್ತು ನನ್ನ ತೂಕ

ಹೆಂಗಸರ ವಯಸ್ಸು ಕೇಳಬಾರದು, ತೂಕವನ್ನಂತೂ ಊಹಿಸಲೂ ಬಾರದು ಎನ್ನುತ್ತಾರೆ ಮರ್ಯಾದಸ್ಥರು. ನನ್ನ ವಿಷಯದಲ್ಲಿ ಆ ಮರ್ಯಾದೆ ಯಾವತ್ತೋ ಬಸ್ಸು ಹತ್ತಿ ಹೋಗಿದೆ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ನನ್ನ ತೂಕ ಎಷ್ಟೆಂದು ನಮ್ಮ ಯಜಮಾನರಿಗೆ ಗೊತ್ತಿಲ್ಲ. ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕಂಡಕ್ಟರುಗಳಲ್ಲಿ ಅದು ಗೊತ್ತಿಲ್ಲದವರು ಕಡಿಮೆ. ಎರಡನೇ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿತು. ಕಂಕುಳಲ್ಲಿ ಊರುಗೋಲೊಂದಿದ್ದರೆ ಉಪ್ಪುಂದದ ಯಾವ ಓಣಿಯಲ್ಲಾದರೂ ನಡೆದೇನು. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ನನ್ನಿಂದಾಗದು. ಅದು ನನ್ನ ಸೊಂಟದಷ್ಟು ಎತ್ತರ ಎಂದರೆ ನೀವು ನಂಬಲಿಕ್ಕಿಲ್ಲ. ಹೋಗಲಿ, ಮೊಣಕಾಲಿಗಿಂತ ಒಂದು ಗೇಣು ಮೇಲೆ ಎಂದಿಟ್ಟುಕೊಳ್ಳಿ.

ನಮ್ಮ ಕಡೆಯ ಬಸ್ಸುಗಳಿಗೆ ನಿಲ್ಲುವುದೆಂದರೆ ಆಗಿಬರುವುದಿಲ್ಲ. ಒಂದರ ಬೆನ್ನಿಗೆ ಇನ್ನೊಂದು ಹಾರ್ನ್ ಹೊಡೆಯುತ್ತಾ ಬರುತ್ತಿರುತ್ತದೆ. ಹಾಗಾಗಿ ಕಂಡಕ್ಟರು ಕೆಳಗೆ ಹಾರುತ್ತಾನೆ, "ಬನ್ನಿ ಅಕ್ಕ, ಟೈಮ್ ಆಯ್ತ್" ಅನ್ನುತ್ತಾನೆ, ಕಂಕುಳಿಗೆ ಕೈ ಕೊಟ್ಟು ನನ್ನನ್ನೆತ್ತಿ ಒಳಗಿಡುತ್ತಾನೆ, ಊರುಗೋಲನ್ನು ಆಮೇಲೆ ಕೊಡುತ್ತಾನೆ. ಅವರಲ್ಲಿ ಒಬ್ಬನೂ ಕೆಟ್ಟವನಲ್ಲ, ಆಣೆ ಮಾಡಿ ಹೇಳುತ್ತೇನೆ. ಹಿಂದೆ ಒಬ್ಬರು ವಯಸ್ಸಾದ ಕಂಡಕ್ಟರಿದ್ದರು, ಎತ್ತುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಗೌರವಕ್ಕೋ ಭಾರಕ್ಕೋ, ನಾನು ಕೇಳಲಿಲ್ಲ. ಈಗ ಅವರ ಮಗನೇ ಅದೇ ರೂಟಿನಲ್ಲಿದ್ದಾನೆ. ಮೊದಲ ದಿನವೇ "ಹೆದರ್ಬೇಡಿ ಅಕ್ಕ, ಎಡ್ಗಾಲ್ ಜಾಗ್ರತೆ ಅಂದೇಳಿ ಅಪ್ಪ ಹೇಳಿದ್ರ್" ಎಂದ. ಮನೆ, ಗದ್ದೆಯ ಜೊತೆಗೆ ನನ್ನನ್ನೂ ಹಸ್ತಾಂತರಿಸಿದ್ದಾರೆಂದು ಆಗ ಗೊತ್ತಾಯಿತು. ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಪ್ರತಿಸಲವೂ ನನಗೆ ನಾಚಿಕೆಯಾಗುತ್ತದೆ. ಕುಂದಾಪುರದಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಐವತ್ತೆಂಟರ ಟೀಚರು ನಾನು. ಕ್ಲಾಸಿಗೆ ಹೋಗುವ ಮೊದಲು ನನ್ನ ರವಿಕೆಯ ತೋಳನ್ನೇ ಎಳೆದು ಸರಿಮಾಡಿಕೊಳ್ಳಬೇಕು.

ಸರ್ಕಾರ ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. ನಾನು ಕಾಲೇಜಿಗೆ ಹೋಗುವಾಗ ಮುಂದಿನ ಸೀಟಿನ ಮೇಲೆ 'ಅಂಗವಿಕಲರಿಗೆ' ಎಂದು ಬರೆದಿತ್ತು. ಆಮೇಲೆ ಅದನ್ನು ಅಳಿಸಿ 'ವಿಕಲಚೇತನರಿಗೆ' ಎಂದರು. ಈಚೆಗೆ ಒಂದು ಬಸ್ಸಿನಲ್ಲಿ ನೋಡುತ್ತೇನೆ, 'ವಿಶೇಷಚೇತನರಿಗೆ' ಎಂದಿದೆ. ಹೆಸರು ಇಷ್ಟು ಮೇಲಕ್ಕೇರುವಾಗ ಮೆಟ್ಟಿಲು ಒಂದಿಂಚಾದರೂ ಕೆಳಗಿಳಿಯಬಹುದಿತ್ತು. ಸೀಟು ಬಸ್ಸಿನ ಒಳಗಿದೆ, ನಾನು ಹೊರಗಿದ್ದೇನೆ. ನಡುವಿನ ಸಂಗತಿಯನ್ನು ಯಾರೂ ಬರೆದಿಲ್ಲ.

ಇದೆಲ್ಲ ಹೀಗೇ ಎಂದು ಸುಮ್ಮನಿದ್ದುಬಿಡುತ್ತಿದ್ದೆನೇನೋ. ನನ್ನನ್ನು ಕೆಡಿಸಿದ್ದು ಮುಂಬಯಿ. ಹೋಟೆಲಿನವರನ್ನು ಮದುವೆಯಾಗಿ ಅಲ್ಲೇ ಇರುವ ತಂಗಿಯ ಮನೆಗೆ ಹೋಗಿದ್ದಾಗ ಒಂದು ಬಸ್ಸು ಬಂದು ನಿಂತಿತು. ಅದರ ನೆಲ ಹೆಚ್ಚುಕಡಿಮೆ ಫುಟ್‌ಪಾತಿನ ಮಟ್ಟಕ್ಕೇ ಇತ್ತು. ನಾನು ಹತ್ತಿದೆ. ಅಷ್ಟೇ. ಯಾರೂ ಮುಟ್ಟಲಿಲ್ಲ, ಯಾರೂ "ಪಾಪ" ಎನ್ನಲಿಲ್ಲ, ಕಂಡಕ್ಟರು ಮುಖವನ್ನೂ ನೋಡದೆ ಚೀಟಿ ಹರಿದುಕೊಟ್ಟ. ಆ ಅಸಡ್ಡೆ ಎಷ್ಟು ಹಿತವಾಗಿತ್ತು! ಕಡೆಯ ಸ್ಟಾಪಿನವರೆಗೆ ಹೋಗಿ, ಇಳಿದು, ಅದೇ ಬಸ್ಸಿಗೆ ಇನ್ನೊಮ್ಮೆ ಹತ್ತಿ ಬಂದೆ. "ಎಲ್ಲಿಗ್ ಹೋಯಿದ್ದೆ ಅಕ್ಕ?" ಎಂದು ತಂಗಿ ಗಾಬರಿಯಿಂದ ಕೇಳಿದಳು. ಎಲ್ಲಿಗೂ ಅಲ್ಲ, ಬಸ್ಸು ಹತ್ತಲಿಕ್ಕೆ ಹೋಗಿದ್ದೆ ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಊರಿಗೆ ಬಂದ ಮೇಲೂ ಆ ಬಸ್ಸು ನನ್ನ ತಲೆಯಿಂದ ಇಳಿದಿಲ್ಲ. ಸಾಯುವುದರೊಳಗೆ ಒಂದು ಸಲ ನನ್ನೂರಿನ ಬಸ್ಸನ್ನು ನಾನಾಗಿ ಹತ್ತಬೇಕು ಎಂಬುದೇ ಆಸೆಯಾಗಿ ಕೂತಿತು.

ಬಸ್ಸು ಇಳಿಯದಿದ್ದರೆ ನಾನೇ ಏರಬೇಕಲ್ಲ. ನಮ್ಮ ಕೇರಿಯ ಆಚಾರ್ರಿಗೆ ಹೇಳಿ ಹಲಸಿನ ಹಲಗೆಯ ಗಿಡ್ಡ ಸ್ಟೂಲೊಂದನ್ನು ಮಾಡಿಸಿದೆ. ಹತ್ತಿದ ಮೇಲೆ ಒಳಗೆಳೆದುಕೊಳ್ಳಲು ಅದಕ್ಕೊಂದು ಹಗ್ಗ. ಎರಡು ತಿಂಗಳು ದಿನಾ ಬೆಳಿಗ್ಗೆ ಮನೆಯ ಜಗಲಿಯನ್ನೇ ಬಸ್ಸೆಂದು ತಿಳಿದು ಹತ್ತಿದೆ, ಇಳಿದೆ. "ಎಂತ, ಸರ್ಕಸ್ಸಿಗ್ ಸೇರ್ತ್ಯಾ?" ಎಂದು ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. ಕೊನೆಗೊಂದು ಸೋಮವಾರ ಸ್ಟೂಲನ್ನು ಬಸ್‌ಸ್ಟಾಪಿಗೆ ಹೊರಿಸಿಕೊಂಡು ಹೋದೆ. ಬಸ್ಸು ಬಂತು. ನಾನು ಸ್ಟೂಲು ಇಡಲು ಬಗ್ಗುವಷ್ಟರಲ್ಲಿ ಆ ಕಂಡಕ್ಟರ ಮಗ ಹಾರಿ ಬಂದು ನನ್ನನ್ನೊಮ್ಮೆ, ಸ್ಟೂಲನ್ನೊಮ್ಮೆ ಎತ್ತಿ ಒಳಗಿಟ್ಟ. "ಮಾರುಕೆ ತಕಂಡ್ ಹೋಪುದಾ ಅಕ್ಕ?" ಎಂದು ವಿಚಾರಿಸಿದ ಬೇರೆ. ಮಾರಲಿಕ್ಕಲ್ಲ, ಮೆಟ್ಟಿ ಹತ್ತಲಿಕ್ಕೆ ಎಂದು ವಿಷಯ ತಿಳಿಸಿದೆ. ಅವನ ಮುಖ ಚಿಕ್ಕದಾಯಿತು. "ಹಂಗಾರೆ ನಾಳೆ ನೀವೇ ಹತ್ತಿ ಅಕ್ಕ. ಡ್ರೈವರಿಗೆ ನಾ ಹೇಳ್ತೆ" ಎಂದ.

ಅವನು ಮಾತಿಗೆ ತಪ್ಪಲಿಲ್ಲ. ಮರುದಿನ ಬಸ್ಸು ಸರಿಯಾಗಿ ಸ್ಟೂಲಿನ ಎದುರೇ ನಿಂತಿತು. ನಾನು ಊರುಗೋಲನ್ನು ಎಡಕ್ಕೆ ಬದಲಿಸಿಕೊಳ್ಳುತ್ತಿದ್ದೆ. ಆಗ ಮೀನು ಮಾರುವ ಗಿರಿಜಕ್ಕ, "ಹ್ವಾಯ್, ಒಂಚೂರ್ ನಿಲ್ಲಿ, ನನ್ನ ಗಂಟ್ ನೋವಿಗೆ ಇದ್ ಲಾಯ್ಕಿತ್ತ್" ಎನ್ನುತ್ತಾ ಬುಟ್ಟಿ ಸಮೇತ ಸ್ಟೂಲು ಮೆಟ್ಟಿ ಹತ್ತಿಬಿಟ್ಟಳು. ಅವಳ ಹಿಂದೆ ತುಂಬು ಬಸುರಿಯೊಬ್ಬಳು. ಅವಳ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡ ಅಜ್ಜ. ನಾನು ಬೇಡವೆನ್ನಲೇ? ಎಲ್ಲರ ಮುಖದಲ್ಲೂ ಮುಂಬಯಿ ಬಸ್ಸಿನಲ್ಲಿ ನನಗಿದ್ದ ಅದೇ ಸಂತೋಷ. ಇಷ್ಟು ಜನ ಇಷ್ಟು ವರ್ಷ ಆ ಮೆಟ್ಟಿಲಿಗೆ ಹೆದರಿಕೊಂಡಿದ್ದರೆಂದು ನನಗೇ ತಿಳಿದಿರಲಿಲ್ಲ. ಅಷ್ಟರಲ್ಲಿ ಹಿಂದಿನ ಬಸ್ಸಿನ ಹಾರ್ನ್ ಕೇಳಿತು, ನಮ್ಮ ಡ್ರೈವರು ಗೇರು ಹಾಕಿದ, ಕಂಡಕ್ಟರು ಅಪರಾಧಿಯ ಮುಖ ಮಾಡಿಕೊಂಡು ಕೆಳಗೆ ಹಾರಿದ. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ಈಗ ಸ್ಟೂಲು ಸ್ಟಾಪಿನ ಗೂಡಂಗಡಿಯಲ್ಲೇ ಇರುತ್ತದೆ. ಬಸ್ಸು ಬಂದರೆ ಅಂಗಡಿಯವರೇ ತಂದಿಡುತ್ತಾರೆ. ನಾನು ಮೊದಲು ಬಂದು ನಿಂತರೂ ಊರುಗೋಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಡೆಯವಳಾಗಿರುತ್ತೇನೆ. ಮೊನ್ನೆಯೂ ಹಾಗೇ ಆಯಿತು. ನನ್ನನ್ನು ಒಳಗಿಟ್ಟ ಹುಡುಗ ಇಡೀ ಬಸ್ಸಿಗೆ ಕೇಳುವಂತೆ, "ಅಕ್ಕಾ, ಎರಡ್ ಕೇಜಿ ಕಮ್ಮಿ ಆಯ್ತ್ ಕಾಣಿ!" ಎಂದ. ಗಿರಿಜಕ್ಕ ಚಪ್ಪಾಳೆ ತಟ್ಟಿದಳು. ನಾನು ಕಿಟಕಿಯಿಂದ ಕತ್ತು ಹೊರಳಿಸಿ, ರಸ್ತೆಯ ಅಂಚಿನಲ್ಲಿ ಚಿಕ್ಕದಾಗುತ್ತಾ ಹೋದ ನನ್ನ ಸ್ಟೂಲನ್ನು ನೋಡುತ್ತಾ ಕೂತೆ. ಎರಡು ತಿಂಗಳು ಜಗಲಿ ಹತ್ತಿಳಿದದ್ದು ಪೂರಾ ದಂಡವಾಗಲಿಲ್ಲ, ಎತ್ತುವವನಿಗಾದರೂ ಹಗುರವಾಯಿತು.