ಶಿವಗಂಗವ್ವನ ದಂಡಿ ಯಾತ್ರಿ

ಎಲ್ಲ ಗೊಂದಲಕ್ಕೂ ಕಾರಣ ಅಕ್ಷರದ ಮೇಲಿನ ಒಂದು ಗುಡಿಸು. ಪುಸ್ತಕದ ಕನ್ನಡದಲ್ಲಿ ನೀರಿನ ಅಂಚಿಗೆ ದಂಡೆ ಅನ್ನುತ್ತಾರೆ. ನಮ್ಮ ಕಡೆಯ ಬಾಯಿಗೆ ಬಂದರೆ ಅದು ದಂಡಿ. ಕೆರಿ ದಂಡಿ, ಹೊಳಿ ದಂಡಿ. ಯರಗುಪ್ಪಿಯ ಹೊಳೆಪ್ಪ ಅರವತ್ತೆರಡು ವರ್ಷ ಹಾಗೆಯೇ ಅಂದುಕೊಂಡು ಬಂದಿದ್ದ, ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಆದದ್ದು ಒಂದೇ ದಿನ. ಅದು ಸ್ವಾತಂತ್ರ್ಯದ ಇಪ್ಪತ್ತೈದನೆಯ ವರ್ಷದ ಹಬ್ಬ ಇನ್ನೂ ಮುಗಿಯದ ಒಂದು ಬೇಸಿಗೆ.

ಹೊಳೆಪ್ಪ ಊರ ಸಾಲಿಯಲ್ಲಿ ಗಂಟೆ ಹೊಡೆಯುವ ಸಿಪಾಯಿಯಾಗಿದ್ದು ನಿವೃತ್ತಿಯಾಗಿ ಮನೆಗೆ ಬಂದವನು. ಹೆಸರಿನಲ್ಲಿ ಹೊಳೆ ಇದ್ದರೂ ಮೊಣಕಾಲು ಮುಳುಗುವ ನೀರು ಕಂಡರೆ ಶಿವ ಶಿವಾ ಅನ್ನುತ್ತಿದ್ದ. ಹೆಂಡತಿ ಶಿವಗಂಗವ್ವ ಹಾಗಲ್ಲ. ಆಕೆಗೆ ಒಂದು ಸಲ ಸಮುದ್ರ ನೋಡಬೇಕು.

"ಎರಿ ಹೊಲಾ ನೋಡಿ ನೋಡಿ ಕಣ್ಣ ಕರ್ರಗ ಆಗ್ಯಾವ್ರಿ. ಆಚಿ ದಂಡಿನ ಕಾಣದ ನೀರು ಹ್ಯಾಂಗಿರ್ತೈತಿ ಒಮ್ಮೆ ನೋಡೂಣು," ಅನ್ನುತ್ತಿದ್ದಳು.

ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟಿದ್ದ ದಿನಕರರಾಯರು ಒಂದು ಯಾತ್ರಾ ಮಂಡಳಿಯ ಏಜಂಟರೂ ಆಗಿದ್ದರು. ಬಸ್ಸಿನಲ್ಲಿ ಪಣಜಿಗೆ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ. ನಡುವೆ ಒಂದು ಬಂದರದಲ್ಲಿ ಹಡಗು ನಿಂತಾಗ, ಬೇರೆ ರೊಕ್ಕ ಕೊಟ್ಟವರನ್ನು ದೋಣಿಯಲ್ಲಿ ದಂಡೆಗೆ ಇಳಿಸಿ, ಅಲ್ಲಿಯ ಈಶ್ವರನ ದರ್ಶನ ಮಾಡಿಸಿ, ಉಪ್ಪುನೀರಿನಲ್ಲಿ ಕಾಲು ತೊಯಿಸಿ, ತಿರುಗಿ ಹಡಗಿಗೆ ಹತ್ತಿಸುತ್ತಿದ್ದರು. ಈ ಇಳಿದು ಹತ್ತುವುದಕ್ಕೆ ರಾಯರು ಇಟ್ಟ ಹೆಸರು ದಂಡಿ ಯಾತ್ರಿ. ಅದಕ್ಕೆ ನಲವತ್ತು ರೂಪಾಯಿ, ಹಳದಿ ಬಣ್ಣದ ಬೇರೆ ಪಾವತಿ ಚೀಟಿ.

ಇಬ್ಬರಿಗೂ ಹಡಗಿನ ಟಿಕೀಟು ತೆಗೆಸಿದ ಮೇಲೆ ಕೈಯಲ್ಲಿ ಉಳಿದದ್ದು ಒಬ್ಬರ ದಂಡಿ ಯಾತ್ರಿಗೆ ಮಾತ್ರ.

"ನೀ ಇಳದು ನೋಡಿ ಬಾ. ನಾ ಹಡಗಿನಾಗ ಕುಂತು ಗಂಟು ಕಾಯ್ತೀನಿ," ಅಂದ ಹೊಳೆಪ್ಪ. ದೋಣಿ ತಪ್ಪಿತೆಂದು ಒಳಗೊಳಗೇ ಶಿವನಿಗೆ ಕೈಮುಗಿದ.

"ಬರೂಮುಂದ ಒಂದ ಮುಟಿಗಿ ಉಪ್ಪು ತರ್ತೀನಿ. ನೀವೂ ನಾಲಿಗಿ ಮ್ಯಾಲ ಇಟ್ಕೊಳ್ರಿ. ಸಮುದ್ರ ನೋಡಿದಂಗ ಆಕ್ಕೈತಿ."

ಹೊರಡಲು ಇಪ್ಪತ್ತೈದು ದಿನ ಇರುವಾಗ ಆಕೆಗೆ ಜ್ವರ ಹಿಡಿಯಿತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹನ್ನೊಂದು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಮನೆಗೆ ಬಂದ ಮೂರನೆಯ ಮುಂಜಾನೆ ಶಿವಗಂಗವ್ವ ಲಿಂಗದೊಳಗಾದಳು. ಅಂದು ಊರಲ್ಲಿ ಎರಡು ಮದುವೆ. ಮಣ್ಣಿಗೆ ಬಂದವರು ಹದಿನಾಲ್ಕು ಮಂದಿ.

ಎರೆಮಣ್ಣಿನ ಗುಣ ನಿಮಗೆ ಗೊತ್ತಿರಬೇಕು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಒಂದು ದೊಡ್ಡ ಮಳೆ ಬಿದ್ದರೆ ಏನನ್ನೂ ನುಂಗಿ ಸಪಾಟಾಗಿ ಮಲಗಿಬಿಡುತ್ತದೆ. ಕಲ್ಲು ನೆಡದ ಸಮಾಧಿ ಮಳೆಗಾಲ ದಾಟುವುದಿಲ್ಲ. ಹೊಳೆಪ್ಪ ಹದಿನೈದು ವರ್ಷ ತನ್ನ ತಾಯಿಯ ಸಮಾಧಿಯೆಂದು ಕಾಯಿ ಒಡೆದದ್ದು ಆಕೆಯ ಜೊತೆ ಜೀವಮಾನವಿಡೀ ಜಗಳಾಡಿದ ನೆರೆಮನೆ ಮುದುಕನ ಮೇಲೆ. ಅದು ತಿಳಿದ ದಿನ ಅವನು ಊಟ ಮಾಡಿರಲಿಲ್ಲ. ಹೆಂಡತಿಗೂ ಹಾಗಾಗಬಾರದು. ಕಲ್ಲು ಕಡಿಯುವ ಬುಡನಸಾಬ ಒಂದು ಚಪ್ಪಡಿ ತೆಗೆದಿಟ್ಟಿದ್ದ.

"ಹೆಸರು ಕೆತ್ತಿ, ನೆಟ್ಟು ಕೊಡೂದು ನಲವತ್ತು. ಮಳಿ ಬರೂದರಾಗ ಹೇಳ್ರಿ ಕಾಕಾ. ಆಮ್ಯಾಲ ಎಲ್ಲಿ ನೆಡಬೇಕಂತ ನನಗೂ ತಿಳಿಯೂದಿಲ್ಲ, ನಿಮಗೂ ತಿಳಿಯೂದಿಲ್ಲ."

ಹಾಗಾಗಿ ಆ ದಿನ ಮುಂಜಾನೆಯ ಬಸ್ಸಿಗೆ ಹೊಳೆಪ್ಪ ಹಳದಿ ಪಾವತಿ ಹಿಡಿದು ಪೇಟೆಗೆ ಬಂದ.

"ಹಡಗಿನ ರೊಕ್ಕ ಮುಳಗಿತು, ಹೊಳೆಪ್ಪ," ಅಂದರು ದಿನಕರರಾಯರು. "ಮಳಿಗಾಲಕ್ಕ ಹಡಗ ಬಂದ್ ಆಗ್ತಾವ, ಇದ ಕಡೀ ಫೇರಿ. ಆದ್ರ ದಂಡಿ ಯಾತ್ರಿ ರದ್ದ ಮಾಡಿಸಿದ್ರ ಪೂರಾ ವಾಪಸ್ ಬರ್ತದ. ಇಂಥಾಕಿ ತೀರಿಕೊಂಡಾಳ, ಹೋಗಿಲ್ಲ ಅಂತ ಸರಕಾರಿ ಶಿಕ್ಕಾ ಹೊಡದ ಕಾಗದ ತಾ. ಐದರ ಗಾಡಿಗೆ ನನ್ನ ಯಾದಿ ಹುಬ್ಬಳ್ಳಿಗೆ ಹೋಗ್ತದ. ಅದು ಹೋತಂದ್ರ ನನ್ನ ಕೈಯಾಗ ಏನೂ ಇಲ್ಲ ನೋಡಪಾ."

ತಾಲೂಕು ಕಚೇರಿ ಅಲ್ಲಿಂದ ನಾಲ್ಕು ಹೆಜ್ಜೆ. ಅದರ ಮುಂದಿನ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ವೆಂಕಣ್ಣ ಕೂತಿದ್ದ. ಅವನು ಬರೆದ ಅರ್ಜಿ ಓದಿದರೆ ಅಧಿಕಾರಿಗಳ ಕಣ್ಣಲ್ಲಿ ನೀರು ಬರುತ್ತದೆಂದು ಪ್ರತೀತಿ. ಅಕ್ಷರ ಅಷ್ಟು ಸಣ್ಣವು.

"ಯಾರ ಸಂಬಂಧ?"

"ನನ್ನ ಹೇಣ್ತಿ ಶಿವಗಂಗವ್ವರಿ. ತೀರ್ಕೊಂಡಾಳ. ಆಕೀ ದಂಡಿ ಯಾತ್ರೀದು ಒಂದ ಕಾಗದ ಬೇಕಾಗಿತ್ರಿ. ಶಿಕ್ಕಾ ಹೊಡದದ್ದು."

ವೆಂಕಣ್ಣನ ಬರೆಯುವ ಟಾಕು ಶಾಯಿಯ ದೌತಿಯ ಮೇಲೆ ನಿಂತಿತು.

"ದಂಡಿ ಯಾತ್ರಿ? ನಿನ್ನ ಹೇಣ್ತಿ? ಆ ಸಮುದ್ರದ ಕಡೀದು?"

"ಮತ್ಯಾವದ್ರಿ? ಒಂದ ಮುಟಿಗಿ ಉಪ್ಪು ತರ್ತೀನಿ ಅಂದಿದ್ಲು."

"ಉಪ್ಪು!" ವೆಂಕಣ್ಣ ಎದ್ದು ನಿಂತ. ಅವನ ಮನಸ್ಸು ಆಗಲೇ ನಲವತ್ಮೂರು ವರ್ಷ ಹಿಂದಕ್ಕೆ, ಗುಜರಾಥದ ದಂಡಿ ಎಂಬ ಊರಿಗೆ, ಸಾಲಿಯ ಹುಡುಗರೂ ಬಲ್ಲ ಆ ಉಪ್ಪಿನ ಸತ್ಯಾಗ್ರಹಕ್ಕೆ ಹೋಗಿ ಮುಟ್ಟಿತ್ತು. "ನೀ ಹೋಗಿದ್ದಿಲ್ಲೇನು?"

"ನನಗ ನೀರಂದ್ರ ಅಂಜಿಕಿರಿ. ನಾ ಗಂಟು ಕಾಯಾಂವ."

"ಕೇಳಿದ್ರ್ಯಾ?" ವೆಂಕಣ್ಣ ಸುತ್ತಲಿದ್ದವರಿಗೆ ಸಾರಿದ. "ಹೆಣಮಗಳು ಉಪ್ಪಿಗೆ ಹೊಂಟಾಳ, ಗಂಡ ಗಂಟು ಕಾದಾನ! ಎಂಥಾ ಗಂಡಸೋ ಮಾರಾಯಾ!"

ಗಿಡದ ಕೆಳಗಿದ್ದವರೆಲ್ಲ ನಕ್ಕರು. ಹೊಳೆಪ್ಪನೂ ತಲೆ ತಗ್ಗಿಸಿ ನಕ್ಕ. ಮಾತು ನಿಜವೇ ಆಗಿತ್ತು. ವೆಂಕಣ್ಣ ದಂಡೆಗೆ ಎತ್ವ ಕೊಟ್ಟಿದ್ದರೆ ಅರ್ಜಿ ನೆಟ್ಟಗೆ ಹೋಗುತ್ತಿತ್ತು. ಗುಡಿಸು ಕೊಟ್ಟ.

ಒಳಗೆ ಗುಮಾಸ್ತ ಬಾಳಕೃಷ್ಣನ ಮೇಜಿನ ಮೇಲೆ ಮೂರು ತಿಂಗಳಿಂದ ಒಂದು ಹುಕುಂ ಬಿದ್ದಿತ್ತು: ಈ ಭಾಗದ ಸ್ವಾತಂತ್ರ್ಯ ಹೋರಾಟಗಾರರ ಯಾದಿಯನ್ನು ಕೂಡಲೇ ಕಳಿಸಬೇಕು. ಗಂಡಸರ ಕಡೆ ಏನೋ ಒಂಬತ್ತು ಹೆಸರು ತುಂಬಿದ್ದವು. ಮಹಿಳೆಯರು ಎಂಬ ಕಾಲಮ್ಮು ಚೈತ್ರದ ಕೆರೆಯ ಹಾಗೆ ಒಣಗಿ ಬಿರಿದಿತ್ತು. ಮೇಲಿನವರ ಮೂರನೆಯ ಪತ್ರದ ಭಾಷೆ ಮೊದಲೆರಡರಷ್ಟು ಮೃದುವಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ವೆಂಕಣ್ಣನ ಅರ್ಜಿ ಅವನ ಕೈಗೆ ಬಂತು.

"ಬರ್ರಿ, ಬರ್ರಿ ಹೊಳೆಪ್ಪನವರ. ಕುಂಡ್ರ್ರಿ."

ಹೊಳೆಪ್ಪ ಹಿಂದೆ ತಿರುಗಿ ನೋಡಿದ. ಮತ್ತೊಬ್ಬ ಹೊಳೆಪ್ಪ ಯಾರೂ ಇರಲಿಲ್ಲ. ಜೀವಮಾನದಲ್ಲಿ ಅವನಿಗೆ ಯಾರೂ 'ಅವರು' ಹಚ್ಚಿರಲಿಲ್ಲ. ಚಹಾ ಬಂತು. ಸತ್ತವರ ಮನೆಯವರಿಗೆ ಸರಕಾರ ಇಷ್ಟು ಮರ್ಯಾದೆ ಮಾಡುತ್ತದೆಂದು ಗೊತ್ತಿರಲಿಲ್ಲವಲ್ಲ ಎಂದುಕೊಂಡ.

"ನಿಮ್ಮ ಮನಿಯವರನ್ನ ಒಳಗ ಹಾಕಿದ್ರೇನು?" ಬಾಳಕೃಷ್ಣ ಟಾಕು ಅದ್ದಿ ಕೇಳಿದ.

"ಹಾಕಿದ್ರು. ಹುಬ್ಬಳ್ಳ್ಯಾಗ. ಹನ್ನೊಂದ ದಿನರಿ."

"ಹನ್ನೊಂದು ದಿನ!" ಬಾಳಕೃಷ್ಣ ಬರೆದುಕೊಂಡ. "ನಿಮಗ ನೋಡ್ಲಿಕ್ಕೆ ಬಿಡತಿದ್ರ?"

"ಹೆಣಮಕ್ಕಳದ ಖೋಲಿ ಬ್ಯಾರೆರಿ. ಗಂಡಸರನ್ನ ಸೇರಿಸೂದಿಲ್ಲ. ಸಂಜಿಕ ಒಂದ ತಾಸು ಭೆಟ್ಟಿ. ಬಾಗಲಾಗ ಒಬ್ಬಾಂವ ಕುಂತಿರ್ತಿದ್ದ, ಗಂಟಿ ಹೊಡದಕೂಡಲೆ ಹೊರಗ ಹಾಕ್ತಿದ್ದ."

"ಊಟಕ್ಕ?"

"ಗಂಜಿರಿ. ಆಕಿ ಮುಟ್ಟಲೇ ಇಲ್ಲ."

"ಉಪವಾಸ," ಅಂತ ಬರೆದು ಬಾಳಕೃಷ್ಣ ಮೂಗು ಒರೆಸಿಕೊಂಡ. "ಕಡೀಕ?"

"ಕಡೀಕ ಬಿಟ್ಟ ಕಳಿಸಿದ್ರಿ. ಮನಿಗೆ ಕರಕೊಂಡ ಹೋಗು ಅಂದ್ರು." ಹೊಳೆಪ್ಪ ಚಹಾದ ಕಪ್ಪು ಕೆಳಗಿಟ್ಟ. "ನನಗ ಅಷ್ಟ ತಿಳೀಲಿಲ್ಲರಿ. ಬಿಟ್ರಲ್ಲಾ ಅಂತ ಖುಷಿ ಪಟ್ಟೆ. ದಾರ್ಯಾಗ ಪೇಢೆ ಕೊಡಿಸ್ಕೊಂಡ ಬಂದೆ."

ಅಲ್ಲಿಯವರೆಗೆ ಬಾಳಕೃಷ್ಣ ಬರೆಯುತ್ತಲೇ ಇದ್ದ. ಈಗ ಟಾಕು ಒರೆಸಿಟ್ಟು ಇನ್ನೊಂದು ಚಹಾ ಹೇಳಿದ.

ಹೊಲದ ಉತಾರದ ಕೆಲಸಕ್ಕೆ ಬಂದು ಬೆಂಚಿನ ಮೇಲೆ ಕೂತಿದ್ದ ಮಡಿವಾಳೆಪ್ಪ ಮಾಸ್ತರರಿಗೆ ಮಾತ್ರ ಇತಿಹಾಸ ತಡೆಯಲಿಲ್ಲ. "ಅಲ್ರೀ ರಾಯರ, ಆ ಯಾತ್ರ್ಯಾಗ ಹೆಣಮಕ್ಕಳು ಇದ್ದಿದ್ದಿಲ್ಲಲ್ಲ?"

"ಹಂಗಾರ ಅಷ್ಟೂ ಮಂದಿಗೆ ರೊಟ್ಟಿ ಬಡದವರು ಯಾರ್ರಿ ಮಾಸ್ತರ? ನೀವು ಬಡೀತೀರೇನು ಮನ್ಯಾಗ?" ಅಂದ ಬಾಳಕೃಷ್ಣ.

ಮಾಸ್ತರರು ತಮ್ಮ ಉತಾರದ ಕಾಗದದತ್ತ ತಿರುಗಿದರು.

ಸಾಹೇಬರ ಕೋಣೆಗೆ ಕಾಗದ ಹೋಯಿತು. ಊಟದ ಹೊತ್ತು, ಆಮೇಲೆ ಊಟದ ಮೇಲಿನ ಹೊತ್ತು, ಎರಡೂ ಕಳೆದ ಮೇಲೆ ಸಾಹೇಬರು ಹೊರಗೆ ಬಂದರು. ಅವರು ಬಂದು ಹೊಳೆಪ್ಪನ ಮುಂದೆ ಕೈಮುಗಿದು ನಿಂತರು. ಅವರು ನಿಂತರೆಂದು ಕಚೇರಿಯೆಲ್ಲ ನಿಂತಿತು. ಮಾಸ್ತರರೂ ನಿಂತರು, ಗಿಡದ ಕೆಳಗಿನವರು ಬಾಗಿಲಿಗೆ ಬಂದು ನಿಂತರು.

"ಆ ತಾಯಿಯ ಆತ್ಮಕ್ಕೆ ಎರಡು ನಿಮಿಷ ಮೌನ," ಅಂದರು ಸಾಹೇಬರು.

ಫ್ಯಾನೂ ನಿಂತಂತಾಯಿತು. ಹೊಳೆಪ್ಪ ಕಣ್ಣು ಮುಚ್ಚದೆ ಎಣಿಸಿದ. ಮೂವತ್ತೊಂದು ಮಂದಿ. ಮಣ್ಣಿಗೆ ಬರದವರು ಇಲ್ಲಿ ಬಂದರಲ್ಲ, ನೀನು ಎಲ್ಲಿಂದ ಯಾರನ್ನು ಕಳಿಸುತ್ತೀಯೋ ಶಿವನೇ ಅಂದುಕೊಂಡು ಗಳಗಳ ಅತ್ತ. ಅವನ ಅಳು ನೋಡಿ ಸಾಹೇಬರು, ಮತ್ತಾರದೋ ಸತ್ಕಾರಕ್ಕೆ ತರಿಸಿಟ್ಟಿದ್ದ ಚೆಂಡುಹೂವಿನ ಮಾಲೆಯನ್ನು ಅವನ ಕೊರಳಿಗೆ ಹಾಕಿದರು. ಬಾಳಕೃಷ್ಣ ಶಿಕ್ಕಾ ಹೊಡೆದ ಕಾಗದವನ್ನು ಎರಡೂ ಕೈಯಿಂದ ಕೊಟ್ಟ.

ಹೊಳೆಪ್ಪ ಅಕ್ಷರ ಬಲ್ಲವನೇ. ಆದರೆ ಇಷ್ಟು ಮಾಡಿದವರ ಕಾಗದವನ್ನು ಅವರ ಎದುರಿಗೇ ಓದುವುದು ಅಪನಂಬಿಕೆ ತೋರಿದ ಹಾಗೆಂದು ಮಡಿಸಿಕೊಂಡು ಓಡಿದ. ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಕೊರಳಲ್ಲಿ ಮಾಲೆ ಹಾಕಿಕೊಂಡು ಓಡಿಬಂದ ಹೊಳೆಪ್ಪನನ್ನು ನೋಡಿ ದಿನಕರರಾಯರು, "ಇದೇನೋ, ಎರಡನೇ ಲಗ್ನ ಮಾಡ್ಕೊಂಡ ಬಂದ್ಯಾ?" ಅಂದರು. ಕಾಗದ ತೆಗೆದು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಆಮೇಲೆ ಅರಿವೆಯ ಥಾನಿನ ಮೇಲೆ ತಲೆಯಿಟ್ಟು ನಕ್ಕರು, ನಕ್ಕರು, ಅಂಗಡಿಯ ಗಿರಾಕಿಗಳು ಹೆದರುವಷ್ಟು ನಕ್ಕರು.

"ಹೊಳೆಪ್ಪ! ನಿನ್ನ ಹೇಣ್ತಿ ಹೋಗಿ ಬಂದಾಳಂತೋ!"

"ಎಲ್ಲಿಗಿರಿ?"

"ಸಮುದ್ರಕ್ಕ! ನಾ ಹೇಳಿದ್ದು ಈ ದಂಡಿ, ಅವರು ತಿಳಕೊಂಡದ್ದು ಸ್ವಾತಂತ್ರ್ಯದ ಆ ದಂಡಿ. ಆಕೀನ್ನ ಹೋರಾಟಗಾರ್ತಿ ಮಾಡಿಬಿಟ್ಟಾರ!"

ಹೊಳೆಪ್ಪನ ಮುಖ ಕಂಡು ಅವರ ನಗೆ ನಿಂತಿತು. ತಗ್ಗಿದ ದನಿಯಲ್ಲಿ ಅಂದರು: "ಇದನ್ನ ನಾ ಹ್ಯಾಂಗ ಕಳಸ್ಲಿ ತಮ್ಮಾ? ಹೋಗಿ ಬಂದ ಯಾತ್ರೀದು ರೊಕ್ಕ ವಾಪಸ್ ಕೊಡ್ರಿ ಅಂತ ಯಾ ಬಾಯಿಲೆ ಕೇಳ್ಲಿ? ಸರಕಾರನ ಶಿಕ್ಕಾ ಹೊಡದದ. ಓಡು, ಇನ್ನೂ ಹತ್ತು ನಿಮಿಷ ಅದ. 'ತಿರುಗಿ ಮನೆಗೆ ಬಂದಿರುತ್ತಾರೆ' ಅನ್ನೂದನ್ನ ಹೊಡದು 'ಹೋಗಿರುವುದಿಲ್ಲ' ಅಂತ ಮಾಡಿಸ್ಕೊಂಡ ಬಾ. ನಲವತ್ತು ರೂಪಾಯಿ ತೆಗದ ಇಟ್ಟಿರ್ತೀನಿ."

ಹೊಳೆಪ್ಪ ಮತ್ತೆ ಓಡಿದ. ಪಡುವಣದಲ್ಲಿ, ಯರಗುಪ್ಪಿಯ ದಿಕ್ಕಿಗೆ, ಮೋಡ ಎಮ್ಮೆಯ ಹಿಂಡಿನ ಹಾಗೆ ಒತ್ತಿ ನಿಂತಿತ್ತು. ಗಾಳಿಯಲ್ಲಿ ಎಲ್ಲಿಯೋ ತೊಯ್ದ ಮಣ್ಣಿನ ವಾಸನೆ.

ಬಾಳಕೃಷ್ಣ ದೊಡ್ಡ ಪುಸ್ತಕದ ಕಾಲಮ್ಮಿನಲ್ಲಿ ಶಿವಗಂಗವ್ವನ ಹೆಸರು ತುಂಬಿ ಶಾಯಿ ಆರಲೆಂದು ಊದುತ್ತಿದ್ದ.

"ಯಾಕ್ರಿ ಹೊಳೆಪ್ಪನವರ, ಏನರ ತಪ್ಪ ಬಿದ್ದದೇನು? ಹೇಳ್ರಿ, ಈಗ ತಿದ್ದಿ ಕೊಡತೀನಿ. ಏನ ಬರೀಲಿ?"

ಟಾಕು ಅದ್ದಿ ಹಿಡಿದು ಕಾದ.

ಹೊಳೆಪ್ಪ ಹೇಳಬೇಕಾದದ್ದು ಮೂರೇ ಮಾತು. ಆಕಿ ಸಮುದ್ರ ನೋಡಲಿಲ್ಲರಿ. ಮುಂಜಾನೆಯಿಂದ ಅವನು ಆಡಿದ್ದೆಲ್ಲ ನಿಜವೇ, ಒಂದೂ ತಡವರಿಸದೆ ಬಂದಿತ್ತು. ಇದೂ ನಿಜ. ಆದರೆ ಇದನ್ನು ಹೇಳಿದರೆ ಆ ಟಾಕು ಕೆಳಗಿಳಿದು ಒಂದು ಗೆರೆ ಎಳೆಯುತ್ತದೆ. ಕಲ್ಲು ಕಣ್ಣಮುಂದೆ ಬಂತು, ಮಳೆ ಬಂತು, ಸಪಾಟಾದ ಎರೆಮಣ್ಣು ಬಂತು. ಕೈಯಲ್ಲಿದ್ದ ಕಾಗದವನ್ನು ಬಾಳಕೃಷ್ಣನ ಮುಂದೆ ಹಿಡಿದ.

"ತಪ್ಪೇನಿಲ್ಲರಿ," ಅಂದ. "ನನಗ ಕಣ್ಣ ಸರಿ ಕಾಣ್ಸೂದಿಲ್ಲ. ಒಂದ ಸಲ ಓದಿ ಹೇಳ್ರಿ."

ಬಾಳಕೃಷ್ಣ ಕಾಗದ ಇಸಿದುಕೊಂಡು, ಗಂಟಲು ಸರಿಮಾಡಿಕೊಂಡು, ನಿಂತೇ ಓದಿದ:

"ಯರಗುಪ್ಪಿಯ ನಿವಾಸಿ ಲಿಂಗೈಕ್ಯ ಶ್ರೀಮತಿ ಶಿವಗಂಗವ್ವನವರು ಮನೆಯವರ ಒಪ್ಪಿಗೆ ಪಡೆದು ದಂಡಿ ಯಾತ್ರೆ ಕೈಕೊಂಡು, ಸಮುದ್ರವನ್ನು ಕಣ್ಣಾರೆ ಕಂಡು, ಕೈಯಲ್ಲಿ ಉಪ್ಪು ಹಿಡಿದು, ಕ್ಷೇಮವಾಗಿ ತಿರುಗಿ ಮನೆಗೆ ಬಂದಿರುತ್ತಾರೆಂದು ಈ ಮೂಲಕ ದೃಢೀಕರಿಸಲಾಗಿದೆ."

ಸ್ಟೇಶನ್ನಿನ ಕಡೆಯಿಂದ ಐದರ ಗಾಡಿ ಕೂಗಿತು. ಕಚೇರಿಯ ತಗಡಿನ ಮೇಲೆ ಮೊದಲ ಹನಿಗಳು ಬಿದ್ದವು.

"ಇನ್ನೊಮ್ಮೆ ಓದ್ರಿ, ರಾಯರ," ಅಂದ ಹೊಳೆಪ್ಪ. "ಸಾವಕಾಶ ಓದ್ರಿ."