ಹದಿನಾಲ್ಕು ತಿಂಗಳಿಗೆ ನುಂಗಿದ ಗುಳಿಗೆ

ನಮ್ಮ ಕಾಕಾ ಮಹಾ ಚುರುಕಿನ ಮನುಷ್ಯ! ತೊಗರಿಬೇಳೆಯಷ್ಟು ದೊಡ್ಡದಾದ ಒಂದು ಗುಳಿಗೆಯನ್ನು ಬರೀ ಹದಿನಾಲ್ಕು ತಿಂಗಳಲ್ಲಿ ನುಂಗಿಬಿಟ್ಟರು. ನೀವು ನಗುತ್ತೀರಿ. ನಗ್ರಿ, ನಿಮಗೇನು? ಆ ಹದಿನಾಲ್ಕು ತಿಂಗಳು ಅವರ ಬೆನ್ನು ಹತ್ತಿ ತಿರುಗಿದವನು ನಾನು.

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ಮಾಡಿಕೊಂಡಿದ್ದರು. ಆಳು ನೋಡಿದರೆ ಬಾಳೆಗಿಡಕ್ಕೆ ಆಸರೆ ಕೊಡುವ ಕೋಲಿನಷ್ಟು ಸಣ್ಣ. ಒಂದು ಬೇಸಿಗೆಯಲ್ಲಿ ಕಣ್ಣಿನ ರೆಪ್ಪೆಯ ಮೇಲೆ ಹಳದಿ ಗಂಟು ಎದ್ದಿತೆಂದು ಕಲಬುರಗಿಗೆ, ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದ ನನ್ನ ಮನೆಗೆ ಬಂದರು. ಕಣ್ಣಿನ ಡಾಕ್ಟರು ನೋಡಿ, ಇದು ಕಣ್ಣಿನದ್ದಲ್ಲ, ರಕ್ತದ್ದು ಅಂತ ಇನ್ನೊಬ್ಬ ಡಾಕ್ಟರ ಕಡೆ ಕಳಿಸಿದರು. ರಕ್ತ ತೆಗೆಸಿದರೆ ಕೊಲೆಸ್ಟ್ರಾಲು ತಲೆ ತಿರುಗುವಷ್ಟಿತ್ತು. ಮನೆಯಲ್ಲಿ ಯಾರಿಗಾದರೂ ಎದೆಯ ತ್ರಾಸು ಇತ್ತೇ ಅಂತ ಡಾಕ್ಟರು ಕೇಳಿದರು. ಇರದೇ ಏನು? ನಮ್ಮಜ್ಜ ನಲವತ್ತೈದಕ್ಕೆ ಎದೆನೋವಿನಿಂದ ಹೋದ. ನಮ್ಮಪ್ಪ ನಲವತ್ನಾಲ್ಕಕ್ಕೆ. ಕಾಕಾಗೆ ಆಗ ನಲವತ್ಮೂರು.

ಇದು ಊಟದಿಂದ ಬಂದದ್ದಲ್ಲ, ಮನೆತನದಿಂದ ಬಂದದ್ದು, ಜೀವ ಇರುವತನಕ ದಿನಕ್ಕೊಂದು ಗುಳಿಗೆ ತಗೊಳ್ಳಬೇಕು ಅಂದರು ಡಾಕ್ಟರು. ಕಾಕಾ ಹೊರಗೆ ಬಂದವರೇ, "ಹೊಲ ಪಾಲಾಗೂ ಮುಂದ ಇದರ ಮಾತು ಯಾರೂ ಎತ್ತಲಿಲ್ಲಲ್ಲೋ" ಅಂದರು. ಗುಳಿಗೆಯ ಚೀಟಿ ಅವರ ಅಂಗಿಯ ಕಿಸೆಗೆ ಹೋಯಿತು. ಅಂಗಿ ಒಗೆಯಲಿಕ್ಕೆ ಹೋಯಿತು.

ಅಷ್ಟರಲ್ಲಿ ಶ್ರಾವಣ ಬಂತು. ತಿಂಗಳು ಎಣ್ಣೆ ಮುಟ್ಟದಿದ್ದರೆ ಅದು ತಾನೇ ಇಳಿಯುತ್ತದೆ ಅಂತ ಕಾಕಾ ಒಪ್ಪತ್ತು ಹಿಡಿದರು. ದಿನಕ್ಕೊಂದೇ ಊಟ, ಅದೂ ರೊಟ್ಟಿ, ಒಗ್ಗರಣೆಯಿಲ್ಲದ ಬೇಳೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯನ್ನು ಕಾಕಿಯ ಕೈಯಿಂದಲೇ ನೆರೆಮನೆಗೆ ಸಾಗಿಸಿದರು. ತಿಂಗಳು ಮುಗಿಸಿ ಬಂದು ರಕ್ತ ಕೊಟ್ಟರೆ ಕಾಕಾ ಇಳಿದಿದ್ದರು, ಕೊಲೆಸ್ಟ್ರಾಲು ಇಳಿದಿರಲಿಲ್ಲ.

ಇನ್ನಾದರೂ ಗುಳಿಗೆ ತಗೋರಿ ಅಂದೆ. ತಪ್ಪು ಬಸ್ಸಿನದು ಅಂದರು.

"ಕಮಲಾಪುರದಿಂದ ಇಲ್ಲೀತನ ಕುಲುಕ್ಯಾಡಕೋತ ಬಂದೀನಿ. ಮಜ್ಜಿಗಿ ಕಡದ್ರ ಬೆಣ್ಣಿ ಮ್ಯಾಲ ಬರೂದಿಲ್ಲೇನು?"

ಮುಂದಿನ ಸಲ ಹಿಂದಿನ ದಿನವೇ ಬಂದು ನಮ್ಮ ಮನೆಯ ಮಂಚದ ಮೇಲೆ ಅಂಗಾತ ಮಲಗಿದರು. ಮಂಚ ಅಲುಗಬಾರದು ಅಂತ ನನ್ನ ಹೆಂಡತಿಗೆ ಆ ಕೋಣೆಯ ಕಸ ಗುಡಿಸುವುದಕ್ಕೂ ಪರವಾನಗಿ ಇಲ್ಲ. ಮುಂಜಾನೆ ತುಂಬಿದ ಕೊಡ ಹೊತ್ತವರ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಾ ಲ್ಯಾಬಿಗೆ ನಡೆದರು. ಹಿಂದೆ ನಾನು, ಶಾಲೆಗೆ ಅರ್ಧ ದಿನದ ರಜೆ ಹಾಕಿ! ದಾರಿಯಲ್ಲಿ ಸಿಕ್ಕ ನನ್ನ ವಿದ್ಯಾರ್ಥಿಗಳೆಲ್ಲ ನಿಂತು ನೋಡಿದರು. ಸಂಜೆ ರಿಪೋರ್ಟು ಬಂತು. ಬೆಣ್ಣೆ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಮೋಮಿನಪುರದ ಹಕೀಮರ ಸರದಿ. ಇಂಗ್ಲಿಷ್ ಔಷಧ ಬಿಡು ಅಂತ ಅವರಾದರೂ ಹೇಳಿಯಾರು ಅಂತ ಕಾಕಾಗೆ ಬಲು ಆಸೆ. ಹಕೀಮರು ಕನ್ನಡಕ ಏರಿಸಿ ರಿಪೋರ್ಟು ನೋಡಿದರು, ಕಾಕಾನ ರೆಪ್ಪೆ ನೋಡಿದರು, ಡಾಕ್ಟರ್ ಸಾಬ್ ಬರೋಬ್ಬರಿ ಹೇಳ್ಯಾರ, ಗುಳಿಗಿ ತಗೋರಿ ಅಂದರು. ಹೊರಗೆ ಬಂದು ಕಾಕಾ, ಇಂವನೂ ಅವರ ಪಾರ್ಟಿಯವನೇ ಅಂತ ತೀರ್ಮಾನ ಕೊಟ್ಟರು. ನಾನು ಹಣೆ ಹಣೆ ಬಡಿದುಕೊಂಡೆ.

ಆದರೂ ಹಕೀಮರ ಮಾತು ನಾಟಿತು ಅಂತ ಕಾಣುತ್ತದೆ. ತಿಂಗಳಿಗೊಮ್ಮೆ ಬಾಳೆಗೊನೆ ತಂದಾಗ ನನ್ನ ಕಣ್ಣೆದುರಿಗೇ ಗುಳಿಗೆ ಕೊಳ್ಳತೊಡಗಿದರು. ನಾನು ಸಮಾಧಾನದ ಉಸಿರು ಬಿಟ್ಟೆ. ಎಂಥ ಮೂರ್ಖ ನಾನು! ಮರುವರ್ಷದ ಬೇಸಿಗೆಯಲ್ಲಿ ಕಮಲಾಪುರಕ್ಕೆ ಹೋದಾಗ ಕಾಕಿ ಅಟ್ಟಣಿಗೆಯಿಂದ ಸಕ್ಕರೆ ಡಬ್ಬಿ ಇಳಿಸು ಅಂದರು. ತಪ್ಪಿ ಬೇರೆ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ಒಳಗೆ ಗುಳಿಗೆಯ ಪಟ್ಟಿಗಳು, ಒಂದರ ಮೇಲೊಂದು, ನೀಟಾಗಿ. ಒಂದು ಗುಳಿಗೆಯನ್ನೂ ಒಡೆದಿರಲಿಲ್ಲ.

ಬಾಯಿಗೆ ಬಂದಂತೆ ಬೈದೆ. ಹಿರಿಯರು ಅನ್ನುವುದನ್ನೂ ನೋಡಲಿಲ್ಲ. ಸಾಯಬೇಕಂತ ಮಾಡೀರೇನು, ಕಾಕಿಯ ಗತಿ ಏನು ಅಂತ ಕೂಗಾಡಿದೆ. ನಾನು ದಣಿದ ಮೇಲೆ ಕಾಕಾ ಮೆಲ್ಲಗೆ ಹೇಳಿದರು.

"ದಿನಾ ಪಟ್ಟಿ ಅಂಗೈಯಾಗ ಹಿಡೀತೀನಿ, ನೀರೂ ಮುಂದ ಇಟ್ಕೋತೀನಿ. ನಿಮ್ಮಪ್ಪ ನೆನಪಾಗ್ತಾನ. ಪಟ್ಟಿ ಒಡೀಲಾಕ ಕೈ ಬರೂದಿಲ್ಲ. ಅಣ್ಣ ಉಣ್ಣೂಕಿಂತ ಮೊದಲ ನಾ ಎಂದಾದ್ರೂ ಉಂಡೀನೇನು? ಅಂವಗ ಸಿಗಲಾರದ್ದು ನಾ ಹ್ಯಾಂಗ ನುಂಗಲಿ?"

ನಮ್ಮ ಮನೆಯಲ್ಲಿ ಅದೇ ಪದ್ಧತಿ. ಅಣ್ಣ ಮೊದಲ ತುತ್ತು ಎತ್ತುವತನಕ ತಮ್ಮ ತಾಟಿಗೆ ಕೈ ಹಚ್ಚುವಂತಿಲ್ಲ. ಅಪ್ಪ ಹೊಲದಿಂದ ಬರುವುದು ತಡವಾದರೆ, ಕಾಕಾ ಹಸಿದುಕೊಂಡು ರೊಟ್ಟಿಯ ಮುಂದೆ ಹಾಗೇ ಕೂತಿರುತ್ತಿದ್ದರು. ಅಪ್ಪ ಹೋದಾಗ ನಾನು ಹತ್ತನೇ ಇಯತ್ತೆ ಓದುತ್ತಿದ್ದೆ. ಇದಕ್ಕೊಂದು ಗುಳಿಗೆ ಇದೆ ಅಂತ ಅವತ್ತು ನಮಗೆ ಹೇಳುವವರು ಯಾರೂ ಇರಲಿಲ್ಲ. ಈಗ ಕಾಕಾಗೆ ನಲವತ್ನಾಲ್ಕು ತುಂಬಿತ್ತು.

"ನೀ ನಿನ್ನ ರಕ್ತ ತೋರಿಸಿದೇನು?" ಅಂದರು ಕಾಕಾ.

ನಿಮಗೆ ಇಲ್ಲಿಯತನಕ ಹೇಳದೆ ಬಿಟ್ಟ ಮಾತು ಇದು. ಮೊದಲ ದಿನವೇ ಡಾಕ್ಟರು, ಮಾಸ್ತರ ನೀವೂ ತೋರಿಸಿಕೋರಿ ಅಂದಿದ್ದರು. ಲ್ಯಾಬಿನ ಅದೇ ಬಾಕಿನ ಮೇಲೆ ಕಾಕಾನ ಪಕ್ಕ ಎಷ್ಟೋ ಸಲ ಕೂತು ಎದ್ದು ಬಂದಿದ್ದೆ. ತೋಳು ಮಾತ್ರ ಚಾಚಲಿಲ್ಲ. ಮನೆಯಲ್ಲಿ ಎರಡು ವರ್ಷದ ಮಗಳಿದ್ದಳು. ನನಗೆ ಅಂಜಿಕೆಯಾಗಿತ್ತು.

ಮರುದಿನ ಕಲಬುರಗಿಗೆ ಹೋಗಿ ರಕ್ತ ಕೊಟ್ಟೆ. ನನಗೂ ಇತ್ತು. ಡಾಕ್ಟರು ಬರೆದ ಗುಳಿಗೆ ಕೊಂಡು ನೆಟ್ಟಗೆ ಕಮಲಾಪುರದ ಬಸ್ಸು ಹತ್ತಿದೆ.

ಊಟವಾದ ಮೇಲೆ ಇಬ್ಬರೂ ಎದುರುಬದುರು ಕೂತೆವು. "ಅಪ್ಪನ ಜಾಗಾದಾಗ ನಾ ಮೊದಲ ತಗೋತೀನಿ, ನೋಡ್ರಿ" ಅಂದು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದೆ. ಕಾಕಾ ನನ್ನ ಗಂಟಲನ್ನೇ ನೋಡುತ್ತಿದ್ದರು. ನಾನು ಹುಟ್ಟಿದಾಗಿನಿಂದ ಅವರು ನನ್ನನ್ನು ಏ ಹುಡುಗಾ ಅನ್ನುವುದು ಬಿಟ್ಟು ಬೇರೆ ಏನೂ ಕರೆದವರಲ್ಲ.

"ಆತೇನಣ್ಣಾ?" ಅಂತ ಕೇಳಿದರು.

ಆತು ಅಂದೆ. ಆಮೇಲೆ ಅವರು ತಮ್ಮ ಗುಳಿಗೆ ನುಂಗಿದರು.